ಮರೆವಿನಿಂದ ಮರಳಿದ ತಟ್ಟೆ
ರೂಪಾ: ‘ಡಿಸ್ಕೊ ಜಾಝ್’
ಎಲ್‌ಪಿ ಗಾನಮುದ್ರಿಕೆ, 1982

ಬಂಗಾಳದ ಗಾಯಕಿ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಯಲ್ಲಿ ಧ್ವನಿಮುದ್ರಿಸಿದ ನಾಲ್ಕೇ ಹಾಡುಗಳು ಈ ತಟ್ಟೆಯಲ್ಲಿವೆ. ಡ್ರಮ್ಸ್, ಗಿಟಾರ್, ಸಿಂಥಸೈಸರ್‌ಗಳ ನಡುವೆ ಮಿಡಿಯುವ ಸರೋದ್ ಅಲಿ ಅಕ್ಬರ್ ಖಾನರ ಮಗ ಆಶಿಶ್ ಖಾನ್ ಅವರದು. ಕಲ್ಕತ್ತೆಯ ಮೆಗಾಫೋನ್ ಕಂಪನಿ ಇದನ್ನು ಹೊರತಂದಾಗ ಕೊಂಡವರು ಕಡಿಮೆ. ಅದರಿಂದಲೇ ಮೂಲ ಪ್ರತಿಗಳು ವಿರಳವಾದವು. ದಶಕಗಳ ಬಳಿಕ ಸಂಗ್ರಾಹಕರು ಅವುಗಳ ಬೆನ್ನು ಹತ್ತಿದರು. ‘ಆಜ್ ಶನಿಬಾರ್’ ಹಾಡು ಅಂತರ್ಜಾಲದಲ್ಲಿ ಕಡಲಾಚೆಗೂ ಹಬ್ಬಿತು. 2019ರಲ್ಲಿ ಅಮೆರಿಕದ ನ್ಯೂಮೆರೊ ಗ್ರೂಪ್ ತಟ್ಟೆಯನ್ನು ಮರುಮುದ್ರಿಸಿತು.

ಸಂಗ್ರಾಹಕರ ಕಣ್ಣಲ್ಲಿ: ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಪಟ್ಟಿಯಲ್ಲಿ ಕೊರೆದ ಸಂಖ್ಯೆ ಇರುತ್ತದೆ. ಮೂಲ ಯಾವುದು, ಮರುಮುದ್ರಣ ಯಾವುದು ಎಂದು ತಿಳಿಯಲು ಮೊದಲು ನೋಡುವುದು ಅದನ್ನೇ.