ಹೊಳೆಯ ಬಯಲಲ್ಲಿ ಹಳಿಯ ಊರು: ಮೊರಪ್ಪೂರಿನ ನೆಲೆ, ನೀರು ಮತ್ತು ವಹಿವಾಟು

ಹಳೆಯ ಊರೊಂದರ ನಕಾಶೆಯನ್ನು ಕಲ್ಪಿಸಿಕೊಳ್ಳುವವರು ಮೊದಲು ಹೊಳೆಯ ಗೆರೆ ಎಳೆಯುತ್ತಾರೆ. ಆಮೇಲೆ ದಂಡೆಯ ಮೇಲೊಂದು ಗುಡಿ, ಕೆಳಗೆ ಹಾಯಗಡ, ತೇರಿನ ಬೀದಿ, ಅದರ ತುದಿಗೆ ಸಂತೆಮಾಳ. ಧರ್ಮಪುರಿ, ಕೃಷ್ಣಗಿರಿಗಳ ಬಾರಾಮಹಲ್ ಸೀಮೆಗೆ ಈ ಚಿತ್ರ ಅರ್ಧದಷ್ಟೇ ಹೊಂದುತ್ತದೆ. ದಕ್ಷಿಣ ಪಿನಾಕಿನಿಯ ದಂಡೆಯಲ್ಲೇ ಕುಳಿತ ಕಾವೇರಿಪಟ್ಟಣ ಅದಕ್ಕೆ ಒಪ್ಪುವ ಊರು. ಅದೇ ನದಿಯ ಜಲಾನಯನದಲ್ಲಿದ್ದರೂ ಮೊರಪ್ಪೂರು ಒಪ್ಪುವುದಿಲ್ಲ. ಧರ್ಮಪುರಿ ಜಿಲ್ಲೆಯ ಈ ಪೇಟೆಯನ್ನು ಬೆಳೆಸಿದ್ದು ಸರಕು ಒಂದು ಗಾಡಿಯಿಂದ ಇಳಿದು ಇನ್ನೊಂದಕ್ಕೆ ಏರುವ ಕೆಲಸ. ನದಿ ಅದರ ಹಿನ್ನೆಲೆಯಲ್ಲಿತ್ತು, ಆದರೆ ಊರಿನ ಅಂಗಳಕ್ಕೆ ಬರಲಿಲ್ಲ ಎಂಬುದು ಈ ಲೇಖನದ ವಾದ.

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಬಯಲು ಹಾದು, ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟನ್ನು ತುಂಬಿ, ಕೃಷ್ಣಗಿರಿ, ಕಾವೇರಿಪಟ್ಟಣಗಳನ್ನು ದಾಟಿ ಆಗ್ನೇಯಕ್ಕೆ ತಿರುಗುತ್ತದೆ. ತಮಿಳರಿಗೆ ಅದು ತೆನ್‌ಪೆಣ್ಣೈ. ಮೊರಪ್ಪೂರಿನ ಉತ್ತರಕ್ಕೆ ಹರಿದು, ಸಾತನೂರು ಅಣೆಕಟ್ಟನ್ನು ಹಾದು, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮೊರಪ್ಪೂರಿನ ಇನ್ನೊಂದು ಬದಿಯಲ್ಲಿ ಶೆವರಾಯ್ ಬೆಟ್ಟದಿಂದ ಇಳಿಯುವ ವಾಣಿಯಾರು ಹರೂರಿನ ಕಡೆಗೆ ಸಾಗಿ ಇದೇ ನದಿಗೆ ಕೂಡುತ್ತದೆ. ಎರಡೂ ಮಳೆಗಾಲ ನಂಬಿದ ಹೊಳೆಗಳು. ಬೇಸಿಗೆಯಲ್ಲಿ ಮರಳು ಹೆಚ್ಚು, ನೀರು ಕಡಿಮೆ. ದೋಣಿ ಸಾಗಿಸುವ ನದಿಯಲ್ಲವಾದ್ದರಿಂದ ಇಲ್ಲಿನ ವ್ಯಾಪಾರವೆಲ್ಲ ಎತ್ತಿನ ಬೆನ್ನಿನ ಮೇಲೆ, ಗಾಡಿಯ ಮೇಲೆ ನಡೆಯಿತು. ನದಿಯ ಬಯಲು ಕೊಟ್ಟದ್ದು ದಾರಿಯನ್ನು.

ಆ ದಾರಿ ಎಷ್ಟು ಹಳೆಯದು ಎಂಬುದಕ್ಕೆ ಶಾಸನದ ಆಧಾರವಿದೆ. ಇಂದಿನ ಧರ್ಮಪುರಿಯೇ ಹಿಂದಿನ ತಗಡೂರು, ಅದಿಯಮಾನ್ ಒಡೆಯರ ನೆಲೆ. ನದಿಯ ಕೆಳಹರಿವಿನಲ್ಲಿ, ತಿರುಕ್ಕೋವಿಲೂರಿನ ಸಮೀಪದ ಜಂಬೈಯಲ್ಲಿ 1981ರಲ್ಲಿ ದೊರೆತ ತಮಿಳು ಬ್ರಾಹ್ಮಿ ಬರಹ, ಅದಿಯಮಾನ್ ನೆಡುಮಾನ್ ಅಂಜಿ ಮುನಿಗಳಿಗೆ ಗವಿಯ ವಸತಿ ಮಾಡಿಸಿಕೊಟ್ಟದ್ದನ್ನು ಹೇಳುತ್ತದೆ. ತಗಡೂರಿನ ಒಡೆಯನ ಕೈ ಅಷ್ಟು ದೂರ ಚಾಚಿದ್ದು ಪೆಣ್ಣೈಯ ಬಯಲು ಹಿಡಿದೇ ಇರಬೇಕು.

ಕನ್ನಡ ಓದುಗರಿಗೆ ಇನ್ನೂ ಹತ್ತಿರದ ದಾಖಲೆ ಧರ್ಮಪುರಿಯ ಕಂಬದ ಶಾಸನ. ಶಕ 815, ಅಂದರೆ ಕ್ರಿ.ಶ. 893ರ ಈ ಕನ್ನಡ ಬರಹ ನೊಳಂಬರ ಮಹೇಂದ್ರನ ಕಾಲದ್ದು. ಶ್ರೀಮಂಗಲ ಸೆಟ್ಟಿಯ ಮಕ್ಕಳಾದ ನಿಧಿಯಣ್ಣ ಮತ್ತು ಚಂಡಿಯಣ್ಣ ತಗಡೂರಿನಲ್ಲಿ ಬಸದಿ ಕಟ್ಟಿಸಿದರು. ನಿಧಿಯಣ್ಣ ಅರಸನಿಂದ ಮೂಲಪಳ್ಳಿ ಎಂಬ ಹಳ್ಳಿಯನ್ನು ಪಡೆದು ಬಸದಿಯ ಪೂಜೆಗೂ ದುರಸ್ತಿಗೂ ಬಿಟ್ಟುಕೊಟ್ಟ. ದೊರೆ ನೊಳಂಬರ ರಾಜಧಾನಿ ಹೇಮಾವತಿಯವನು, ಊರು ತಮಿಳು ಸೀಮೆಯದು, ಬರಹ ಕನ್ನಡದ್ದು, ಹಣ ಸೆಟ್ಟರದು. ಬಸದಿಯೊಂದನ್ನು ಕಟ್ಟಿಸುವಷ್ಟು ಬಂಡವಾಳ ಇಬ್ಬರು ವ್ಯಾಪಾರಿಗಳ ಕೈಯಲ್ಲಿತ್ತು ಎಂದರೆ ತಗಡೂರು ಕೇವಲ ಕೋಟೆಯಾಗಿರದೆ ಪೇಟೆಯೂ ಆಗಿತ್ತು. ಮೈಸೂರಿನ ಎತ್ತರದ ನೆಲಕ್ಕೂ ಕರಾವಳಿಯ ಬಯಲಿಗೂ ನಡುವಣ ಮೆಟ್ಟಿಲಿನಂತಿರುವ ಜಾಗ ಅದು.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿ ಹೊಲದಿಂದ ಹೊಲಕ್ಕೆ ಅಳತೆ ನಡೆಸಿ ರೂಪಿಸಿದ ಕಂದಾಯದ ಪದ್ಧತಿಯೇ ಮುಂದೆ ರೈತವಾರಿ ಎಂದು ಹೆಸರಾಯಿತು. ಆದರೆ ನೆಲದ ಸ್ವಭಾವವನ್ನು ಬದಲಿಸುವುದು ಕಂದಾಯದಿಂದ ಆಗುವ ಕೆಲಸವಾಗಿರಲಿಲ್ಲ. ರಾಗಿ, ಜೋಳ, ಸಾಮೆ, ಹುರುಳಿಯ ಬೆದ್ದಲು ಹೊಲಗಳು; ಕೆರೆಯ ಕೆಳಗೆ ಮಾತ್ರ ಭತ್ತ. 1876–78ರ ಬರ ಈ ಬದುಕನ್ನೇ ಮುರಿಯಿತು. ಧರ್ಮಪುರಿಯೂ ಆಗ ಸೇರಿದ್ದ ಸೇಲಂ ಜಿಲ್ಲೆಯ ಜನಸಂಖ್ಯೆ 1871ರಲ್ಲಿ ಹತ್ತೊಂಬತ್ತೂವರೆ ಲಕ್ಷ ದಾಟಿತ್ತು. 1881ರ ಗಣತಿಯ ಹೊತ್ತಿಗೆ ಹದಿನಾರು ಲಕ್ಷಕ್ಕೆ ಇಳಿದಿತ್ತು.

ಬರ ಬರುವ ಹೊತ್ತಿಗೆ ಮದ್ರಾಸ್ ರೈಲ್ವೆಯ ದೊಡ್ಡ ಹಳಿ ಈ ಜಿಲ್ಲೆಯಲ್ಲಿ ಹಾದು ಹದಿನೈದು ವರ್ಷ ಆಗಿತ್ತು. ಜೋಲಾರಪೇಟೆಯಿಂದ ಸೇಲಂಗೆ ಹೊರಟ ಮಾರ್ಗ ಪೆಣ್ಣೈಯನ್ನು ದಾಟಿ, ಮೊರಪ್ಪೂರು, ಬೊಮ್ಮಿಡಿಗಳ ಮೂಲಕ ಶೆವರಾಯ್ ಬೆಟ್ಟದ ಪಕ್ಕದ ಕಣಿವೆಯನ್ನು ಹಿಡಿಯುತ್ತದೆ. ಹಳಿಗೆ ಬೇಕಾದದ್ದು ಸಮನಾದ ಏರು. ತೇರಿನ ಬೀದಿಯೂ ಸರ್ಕಾರಿ ಕಚೇರಿಯೂ ಅದರ ಲೆಕ್ಕಕ್ಕೆ ಬರಲಿಲ್ಲ. ಹೀಗಾಗಿ ಧರ್ಮಪುರಿಯೇ ಪಶ್ಚಿಮಕ್ಕೆ ಉಳಿದು, ಮೊರಪ್ಪೂರು ಅದರ ಬಾಗಿಲಾಯಿತು.

ಬರಗಾಲದಲ್ಲಿ ಧಾನ್ಯ ಒಳನಾಡಿಗೆ ಮುಟ್ಟಬೇಕೆಂಬ ಉದ್ದೇಶದಿಂದ ಹಾಕಿದ ಎರಡು ಕಿರುಮಾರ್ಗಗಳಲ್ಲಿ ಒಂದು ತಿರುಪ್ಪತ್ತೂರು–ಕೃಷ್ಣಗಿರಿ, ಇನ್ನೊಂದು ಮೊರಪ್ಪೂರು–ಧರ್ಮಪುರಿ. ಎರಡನೆಯದು 1906ರಲ್ಲಿ ಸುಮಾರು 30 ಕಿಲೋಮೀಟರ್ ದೂರಕ್ಕೆ ತೆರೆದು, 1913ರಲ್ಲಿ ಹೊಸೂರಿನವರೆಗೆ ಬೆಳೆಯಿತು. ಇಲ್ಲಿಯೇ ಮೊರಪ್ಪೂರಿನ ಆರ್ಥಿಕತೆಯ ಗುಟ್ಟಿದೆ. ಕಿರುಹಳಿಯ ಅಗಲ 762 ಮಿಲಿಮೀಟರ್, ದೊಡ್ಡ ಹಳಿಯದು 1676. ಒಂದರ ವ್ಯಾಗನ್ ಇನ್ನೊಂದರ ಮೇಲೆ ಉರುಳದು. ಪ್ರತಿ ಮೂಟೆಯನ್ನೂ ಇಳಿಸಬೇಕು, ಹೊರಬೇಕು, ಮತ್ತೆ ಏರಿಸಬೇಕು. ಆ ಅಡ್ಡಿಯಿಂದ ಹಮಾಲಿಗೆ ಕೂಲಿ, ಗೋದಾಮಿಗೆ ಬಾಡಿಗೆ, ದಲ್ಲಾಳಿಗೆ ಕಮಿಷನ್, ರಾತ್ರಿ ತಂಗುವ ಗಾಡಿಯವನಿಗೆ ಊಟ. ರೈಲ್ವೆಗೆ ನಷ್ಟವೆನಿಸಿದ ಈ ಏರಿಳಿತವೇ ಊರಿನ ಗಳಿಕೆ. ಹೊಳೆದಂಡೆಯ ಊರಿನಲ್ಲಿ ಹಾಯಗಡ ಮಾಡುವ ಕೆಲಸವನ್ನು ಇಲ್ಲಿ ನಿಲ್ದಾಣದ ಅಂಗಳ ಮಾಡಿತು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಕಿರುಮಾರ್ಗ ಮುಚ್ಚಿತು. ಧರ್ಮಪುರಿಗೆ ಮತ್ತೆ ರೈಲು ಬಂದದ್ದು 1960ರ ದಶಕದ ಕೊನೆಗೆ, ಬೆಂಗಳೂರು–ಸೇಲಂ ಮೀಟರ್‌ಗೇಜ್ ಮಾರ್ಗದಿಂದ. ಆ ಮಾರ್ಗಕ್ಕೆ ಮೊರಪ್ಪೂರಿನ ಹಂಗಿರಲಿಲ್ಲ.

ಹಳಿ ಹೋದರೂ ಸುತ್ತಲಿನ ಬೆಳೆ ಪೇಟೆಯನ್ನು ಹಿಡಿದು ನಿಲ್ಲಿಸಿತು. ಹುಣಸೆಯನ್ನೇ ನೋಡಬಹುದು. ಸಂಕ್ರಾಂತಿ ಕಳೆದು ಕಾಯಿ ಒಣಗಿದ ಮೇಲೆ ಮರ ಬಡಿದು ಹಣ್ಣು ಉದುರಿಸುತ್ತಾರೆ. ಸಿಪ್ಪೆ ಬಿಡಿಸುವುದು, ನಾರು ಎಳೆಯುವುದು, ಸಣ್ಣ ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆಯುವುದು ಬಹುಪಾಲು ಹೆಂಗಸರ ಕೆಲಸ. ಜಗಲಿಯ ಮೇಲೆ ಕುಳಿತು ತೂಕದ ಲೆಕ್ಕದ ಕೂಲಿಗೆ ದುಡಿಯುತ್ತಾರೆ. ಬೀಜವೂ ದಂಡವಾಗುವುದಿಲ್ಲ, ಅದರ ಹಿಟ್ಟು ಬಟ್ಟೆ ಗಿರಣಿಯಲ್ಲಿ ನೂಲಿಗೆ ಗಂಜಿಯಾಗುತ್ತದೆ. ಅದೇ ಗಂಜಿಗೆ ಇನ್ನೊಂದು ಮೂಲ ಮರಗೆಣಸು. ನೀರು ಕಡಿಮೆ ಬೇಡುವ ಈ ಗೆಡ್ಡೆ ಸೇಲಂ, ಧರ್ಮಪುರಿಗಳ ಹೊಲಗಳಿಂದ ಸಾಬಕ್ಕಿ ಕಾರ್ಖಾನೆಗಳಿಗೆ ಹೋಗುತ್ತದೆ; ಅವುಗಳ ಸಹಕಾರಿ ಮಾರಾಟ ಸಂಸ್ಥೆ ‘ಸಾಗೋಸರ್ವ್’ 1981ರಿಂದ ಸೇಲಂನಲ್ಲಿದೆ. ನೀರಾವರಿ ಇರುವ ಕಡೆ ಕಬ್ಬು. ಅದಕ್ಕೆ ಗೋಪಾಲಪುರದ ಸುಬ್ರಮಣ್ಯ ಶಿವ ಸಹಕಾರಿ ಸಕ್ಕರೆ ಕಾರ್ಖಾನೆ.

ಕುಡಿಯುವ ನೀರಿನ ಕಥೆ ಇನ್ನೂ ವಿಚಿತ್ರ. ಈ ಸೀಮೆಯ ತಳದ ಬಂಡೆಯಿಂದ ಅಂತರ್ಜಲಕ್ಕೆ ಫ್ಲೋರೈಡ್ ಇಳಿಯುತ್ತದೆ. ಬಾವಿ ಆಳವಾದಷ್ಟೂ ಜನರ ಹಲ್ಲು ಕಲೆಗಟ್ಟಿತು, ಮೂಳೆ ಸೆಡೆಯಿತು. ಮೇಲಿನಿಂದ ಬರುವ ಪೆಣ್ಣೈಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆ ಬೆರೆತು ಕೆಲವರಪಳ್ಳಿಯಲ್ಲಿ ನೊರೆ ಏಳುತ್ತದೆ. ಕೊನೆಗೆ ಪರಿಹಾರ ಬಂದದ್ದು ಬೇರೆ ನದಿಯಿಂದ. ಗಡಿಯ ವಿಚಾರಕ್ಕೆ ಕರ್ನಾಟಕದಲ್ಲಿ 2008ರಲ್ಲಿ ಪ್ರತಿಭಟನೆ ಎಬ್ಬಿಸಿದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಜಪಾನಿನ ಸಾಲದ ನೆರವಿನಿಂದ 2013ರಲ್ಲಿ ಉದ್ಘಾಟನೆಯಾಯಿತು, ಅಂದಾಜು 1,928.80 ಕೋಟಿ ರೂಪಾಯಿ. ಪೆಣ್ಣೈಯ ಬಯಲಿನ ಮೊರಪ್ಪೂರಿಗೆ ಈಗ ಕಾವೇರಿಯ ನೀರು. ಕನ್ನಡದ ಪತ್ರಿಕೆಗಳು ಗಡಿಯ ಜಗಳವನ್ನು ವರದಿ ಮಾಡಿದಷ್ಟು ಕಾಳಜಿಯಿಂದ ಆ ಹಲ್ಲು, ಮೂಳೆಗಳ ನೋವನ್ನೂ ಬರೆಯಬೇಕಿತ್ತು.

ಮೊರಪ್ಪೂರು–ಧರ್ಮಪುರಿ ನಡುವೆ 36 ಕಿಲೋಮೀಟರಿನ ಹೊಸ ಬ್ರಾಡ್‌ಗೇಜ್ ಮಾರ್ಗಕ್ಕೆ 2019ರಲ್ಲಿ ಶಂಕುಸ್ಥಾಪನೆ ಆಯಿತು. ಜಿಲ್ಲಾ ಕೇಂದ್ರದಿಂದ ಚೆನ್ನೈಗೆ ನೇರ ರೈಲು ಬೇಕೆಂಬ ಬೇಡಿಕೆ ಇದರಿಂದ ಈಡೇರುತ್ತದೆ. ಆದರೆ ಈ ಬಾರಿ ಎರಡು ಹಳಿಗಳ ಅಗಲ ಒಂದೇ. ವ್ಯಾಗನ್ ನಿಲ್ಲದೆ ಮುಂದೆ ಉರುಳುತ್ತದೆ. ಮೂಟೆ ಇಳಿಸುವ ಕಾರಣವೇ ಇರುವುದಿಲ್ಲ. ಮೊರಪ್ಪೂರು ಜಂಕ್ಷನ್ ಆದರೂ ಅದರ ಲಾಭ ಊರಿನಲ್ಲಿ ಉಳಿಯಬೇಕಾದರೆ ಹುಣಸೆ, ಮರಗೆಣಸುಗಳ ಶೇಖರಣೆ, ಸಂಸ್ಕರಣೆ ನಿಲ್ದಾಣದ ಪಕ್ಕದಲ್ಲೇ ಆಗಬೇಕು; ಅದಕ್ಕೆ ಬೇಕಾದ ಜಾಗವನ್ನು ಮಾರ್ಗದ ಭೂಸ್ವಾಧೀನದ ಜೊತೆಯಲ್ಲೇ ಗುರುತಿಸುವುದು ಜಿಲ್ಲಾಡಳಿತದ ಕೈಯಲ್ಲಿರುವ ಕೆಲಸ.