ಕಡಲು ಕಾಯೋ ಖರ್ಚು ಯಾರದ್ದು? ಮೀನುಗಾರರು ತಿಳಿದಿರಬೇಕಾದ ಲೆಕ್ಕ

ಉಡುಪಿ: ಜೂನ್ 1ರಿಂದ ಜುಲೈ 31ರವರೆಗೆ ಒಟ್ಟು 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿ ಮಾಡೋ ಹೊತ್ತಿದು. ಕಡಲಿಗೆ ವಿಶ್ರಾಂತಿ ಸಿಗುತ್ತೆ, ಬೋಟಿನಲ್ಲಿ ದುಡಿಯುವವರ ಮನೆಗೆ ಮಾತ್ರ ಎರಡು ತಿಂಗಳು ಸಂಪಾದನೆ ಇಲ್ಲ. ಈ ಹೊರೆ ಹೊರೋದು ಯಾರು?

ಪರಿಸರ ಆಧಾರಿತ ನಿರ್ವಹಣೆ ಅಂದರೆ?
ಬಂಗುಡೆ, ಬೂತಾಯಿ ಅಂತ ಒಂದೊಂದೇ ಮೀನಿನ ಲೆಕ್ಕ ಹಾಕದೆ, ಮರಿಗಳು ಬೆಳೆಯುವ ಅಳಿವೆ, ಕಾಂಡ್ಲಾ ಕಾಡು, ಕಡಲಡಿಯ ಬಂಡೆ, ಅವನ್ನೇ ನಂಬಿದ ಜನ ಎಲ್ಲವನ್ನೂ ಒಟ್ಟಿಗೆ ನೋಡೋದು. ಮಳೆಗಾಲದ ರಜೆ, ಬಲೆಯ ಕಣ್ಣಿನ ಅಳತೆ, ಕೇಂದ್ರ ಸರ್ಕಾರ 2017ರಲ್ಲಿ ತಂದ ಲೈಟ್ ಫಿಶಿಂಗ್ ಮತ್ತು ಬುಲ್ ಟ್ರಾಲಿಂಗ್ ನಿಷೇಧ ಇವೆಲ್ಲ ಇದರ ಭಾಗ.

ಹಣ ಎಲ್ಲಿಂದ?
ದೊಡ್ಡ ಮೂಲ 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ. ಒಟ್ಟು ಗಾತ್ರ 20,050 ಕೋಟಿ ರೂ. ಇದರಲ್ಲಿ ಕೇಂದ್ರದ ಪಾಲು 9,407 ಕೋಟಿ, ರಾಜ್ಯಗಳದ್ದು 4,880 ಕೋಟಿ, ಫಲಾನುಭವಿಗಳದ್ದು 5,763 ಕೋಟಿ. ಅಂದರೆ ಎಲ್ಲ ರಾಜ್ಯಗಳು ಸೇರಿ ಹಾಕುವುದಕ್ಕಿಂತ ಫಲಾನುಭವಿಗಳು ಹಾಕುವುದೇ ಜಾಸ್ತಿ. ಬಂದರು, ದೋಣಿ, ಐಸ್ ಪ್ಲಾಂಟ್, ಮೀನು ಸಾಕಣೆಗೂ ಇದೇ ಹಣ. ಕಡಲಲ್ಲಿ ಕೃತಕ ಬಂಡೆ ಇಳಿಸೋದಕ್ಕೂ, ರಜೆಯ ಪರಿಹಾರಕ್ಕೂ ಇದೇ.

ಕಾಂಡ್ಲಾ ನೆಡಲು 2023-24ರ ಕೇಂದ್ರ ಬಜೆಟ್‌ನಲ್ಲಿ 'ಮಿಷ್ಟಿ' ಯೋಜನೆ ಘೋಷಣೆಯಾಯಿತು. ಅದಕ್ಕೆ ಉದ್ಯೋಗ ಖಾತ್ರಿ ಮತ್ತು ಪರಿಹಾರಾತ್ಮಕ ಅರಣ್ಯೀಕರಣ ನಿಧಿಯ ಹಣ ಜೋಡಿಸುವುದು ಉದ್ದೇಶ. ಕೆಲಸ ನಡೆಸೋದು ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆಯಲ್ಲ.

ರಜೆಯಲ್ಲಿ ಕೈಗೆ ಸಿಗೋದು ಎಷ್ಟು?
ಹಿಂದುಳಿದ ಸಾಂಪ್ರದಾಯಿಕ ಮೀನುಗಾರ ಕುಟುಂಬಕ್ಕೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮತ್ಸ್ಯ ಸಂಪದ ಯೋಜನೆಯ ಲೆಕ್ಕದಲ್ಲಿ ಮೀನುಗಾರ 1,500 ರೂ. ಕಟ್ಟಿದರೆ ಸರ್ಕಾರ 3,000 ರೂ. ಸೇರಿಸಿ, ಮೂರು ತಿಂಗಳು ತಲಾ 1,500 ರೂ. ವಾಪಸ್ ಕೊಡುತ್ತೆ. ಈ 3,000 ರೂಪಾಯಿಯನ್ನು 61 ದಿನಕ್ಕೆ ಹಂಚಿ ನೋಡಿ, ದಿನಕ್ಕೆ 50 ರೂಪಾಯಿಯೂ ಬೀಳಲ್ಲ.

ಕೊರತೆ ಎಲ್ಲಿ?
ಬಲೆಯ ಕಣ್ಣು ದೊಡ್ಡದು ಮಾಡಿದರೆ ಮರಿಮೀನು ತಪ್ಪಿಸಿಕೊಳ್ಳುತ್ತೆ. ಹಾಗೇ ಫಿಶ್‌ಮೀಲ್ ಕಾರ್ಖಾನೆಗೆ ಮಾರಿ ಬರುತ್ತಿದ್ದ ಕಾಸೂ ತಪ್ಪುತ್ತೆ. ಇವತ್ತಿನ ನಷ್ಟ ಆ ಬೋಟಿನವರದ್ದು. ನಾಳೆ ಮೀನು ಬೆಳೆದರೆ ಲಾಭ ಎಲ್ಲರದ್ದು. ಈ ಮಧ್ಯದ ಅವಧಿಗೆ ಆಸರೆ ಇಲ್ಲದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತೆ. ಪಕ್ಕದ ಬೋಟು ಸಣ್ಣ ಕಣ್ಣಿನ ಬಲೆ ಎಳೆಯುವಾಗ ತಾನೊಬ್ಬ ಮರಿ ಬಿಡೋಕೆ ಯಾರಿಗೆ ಮನಸ್ಸು ಬರುತ್ತೆ?

ಉಳಿತಾಯ ಪರಿಹಾರಕ್ಕೆ ಹೆಸರು ಸೇರಿಸುವ ಬಗ್ಗೆ ನಿಮ್ಮ ಮೀನುಗಾರರ ಸಹಕಾರ ಸಂಘದಲ್ಲಿ ಅಥವಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ರಜೆ ಶುರುವಾಗೋವರೆಗೆ ಕಾಯಬೇಡಿ.