ಎದೆಹಾಲಿನ ಬಿಡುವು



ಬಾಣಂತನದ ರಜೆ ಮುಗಿಸಿ ಆಫೀಸಿಗೆ ಹೋದಾಗ ಹನ್ನೊಂದು ಗಂಟೆಗೆಲ್ಲ ಎದೆ ಕಲ್ಲಾಗೋದು, ಕುಪ್ಪಸ ಒದ್ದೆ. ಟಾಯ್ಲೆಟ್ಟಿನಲ್ಲಿ ಹಾಲು ಹಿಂಡಿ ಸಿಂಕಿಗೆ ಚೆಲ್ಲಿ ಬರ್ತಿದ್ದೆ. ಐದು ನಿಮಿಷ ತಡವಾದ್ರೂ ಮೇಲಿನವರು ಗಡಿಯಾರ ನೋಡೋರು. ತಪ್ಪು ಮಾಡಿದವಳಂಗೆ ತಲೆ ತಗ್ಗಿಸ್ತಿದ್ದೆ.

ಕಾನೂನು ಓದಿದ್ದು ಆಮೇಲೆ.

1928ರ ಜುಲೈನಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಬಾಬಾಸಾಹೇಬರು ಕಾರ್ಖಾನೆ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತರು. ಹೆರಿಗೆಯ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಆ ಖರ್ಚಿನಲ್ಲಿ ಮಾಲೀಕನಿಗೂ ಪಾಲಿದೆ ಎಂದು ವಾದಿಸಿದರು. 1929ರಲ್ಲಿ ಅಲ್ಲಿ ಕಾಯ್ದೆಯಾಯ್ತು.

ಇಡೀ ದೇಶಕ್ಕೆ ಕಾಯ್ದೆ ಬಂದದ್ದು 1961ರಲ್ಲಿ. ಅದರ 11ನೇ ಕಲಮು ಹೀಗಿತ್ತು: ಮಗುವಿಗೆ 15 ತಿಂಗಳಾಗುವವರೆಗೆ, ಮಾಮೂಲಿ ವಿರಾಮ ಬಿಟ್ಟು, ಹಾಲೂಡಿಸಲು ದಿನಕ್ಕೆ ಎರಡು ಬಿಡುವು. ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ರೂ ಏನು, ಮಗು ಮನೇಲಿ! ಹಾಲು ಹಿಂಡಿಡೋಕೆ ಕೋಣೆ ಕೊಡಿ ಅಂತ ಅದರಲ್ಲಿ ಒಂದಕ್ಷರ ಇರಲಿಲ್ಲ. 50 ಜನರಿರುವ ಕಡೆ ಕೂಸಿನ ಮನೆ, ದಿನಕ್ಕೆ ನಾಲ್ಕು ಸಲ ಹೋಗಿ ನೋಡಲು ಅವಕಾಶ ಅಂತ ಸೇರಿಸಿದ್ದು 2017ರಲ್ಲಿ.

ನಮ್ಮವ್ವ ಹೊಲದ ಕೂಲಿ. ಬೇವಿನ ಮರಕ್ಕೆ ಸೀರೆ ಜೋಲಿ ಕಟ್ಟಿ ಕಳೆ ಕೀಳೋಳು. ಹೊಲದೊಡೆಯ ಹೂಂ ಅಂದ ಮೇಲೇ ನನಗೆ ಹಾಲು. 1961ರ ಕಾಯ್ದೆ ಆ ಹೊಲಕ್ಕೆ ಅನ್ವಯಿಸ್ತಿರಲಿಲ್ಲ.

ಅಕ್ಕಂದಿರೇ, ನಿಮ್ಮ ಕೆಲಸದ ಜಾಗದಲ್ಲಿ ಚಿಲಕ ಇರೋ ಒಂದು ಕೋಣೆ ಇದೆಯಾ? ಬರೀರಿ.